ರಾಣಿ ಹೊನ್ನಾಂಬಿಕೆಯನ್ನು ಹೆತ್ತ ತುಂಗಾ ಮಿಸ್

ಯಲಹಂಕದ ಮಗ್ಗುಲಿನ ತೋಪಿನಕೆರೆ ಲೇಔಟಿನ ಮಕ್ಕಳೆಲ್ಲ ಭಾನುವಾರ ಸಂಜೆಯೊಳಗೆ ಮಹಾ ಬುದ್ಧಿವಂತರಾಗಿಬಿಡುತ್ತಿದ್ದರು. ಶನಿವಾರದವರೆಗೆ ಜ್ವಾಲಾಮುಖಿಗೂ ಗ್ಯಾಸ್ ಸ್ಟವ್‌ಗೂ ವ್ಯತ್ಯಾಸ ಗೊತ್ತಿಲ್ಲದಿದ್ದ ಹುಡುಗ ಸೋಮವಾರ ಬೆಳಿಗ್ಗೆ ಥರ್ಮೋಕೋಲಿನ ಜ್ವಾಲಾಮುಖಿಯೊಂದನ್ನು ಅಪ್ಪನ ಕಾರಿನಲ್ಲಿ ಕೂರಿಸಿಕೊಂಡು ಶಾಲೆಗೆ ಹೊರಡುತ್ತಿದ್ದ. ಜ್ವಾಲಾಮುಖಿಗೆ ಸೀಟ್ ಬೆಲ್ಟ್ ಹಾಕಿರುತ್ತಿದ್ದರು. ಹುಡುಗನಿಗೆ ಹಾಕಿರುತ್ತಿರಲಿಲ್ಲ. ಯಾವುದು ಮುಖ್ಯ ಎಂದು ತಂದೆತಾಯಿಗೆ ಗೊತ್ತಿತ್ತು.

ಈ ಪವಾಡ ನಡೆಯುತ್ತಿದ್ದದ್ದು ತುಂಗಾಳ ಅಂಗಡಿಯಲ್ಲಿ. ಮುನಿಗಂಗಮ್ಮನ ನಾಲ್ಕಂತಸ್ತಿನ ಬಾಡಿಗೆ ಕಟ್ಟಡದ ಕೆಳಗೆ, ಒಂದು ಶಟರಿನ ಹಿಂದೆ, ಬಣ್ಣದ ಹಾಳೆ, ಗಮ್ಮು, ಐಸ್‌ಕ್ರೀಂ ಕಡ್ಡಿಗಳ ನಡುವೆ ಕೂತು ಅವಳು ಅರ್ಧ ಲೇಔಟಿನ ಮಕ್ಕಳ ವಿದ್ಯಾಭ್ಯಾಸ ಮಾಡುತ್ತಿದ್ದಳು. ಒಂದು ದಿನವೂ ಪಾಠ ಹೇಳಿದವಳಲ್ಲ, ಆದರೂ ಎಲ್ಲರ ಬಾಯಲ್ಲಿ 'ತುಂಗಾ ಮಿಸ್'. ಕಸುಬಿನಲ್ಲಿ ಮಾತ್ರ ಅವಳನ್ನು ಮೀರಿಸುವವರಿರಲಿಲ್ಲ. ಮೂರನೇ ಕ್ಲಾಸಿನ ಮಗುವಿನ ಚಾರ್ಟನ್ನು ಎಡಗೈಯಲ್ಲಿ ಬರೆಯುತ್ತಿದ್ದಳು, ಅಕ್ಷರ ಸೊಟ್ಟಗೆ ಬರಲಿ ಎಂದು. ಆರನೇ ಕ್ಲಾಸಿಗೆ ಬಲಗೈ, ಆದರೆ ಅಲ್ಲಲ್ಲಿ ಚಿತ್ತು. ಹೈಸ್ಕೂಲಿಗೆ ಚೆಂದದ ಬರಹ, ಕೊನೆಯ ಪುಟದಲ್ಲಿ ಮಾತ್ರ ಸ್ವಲ್ಪ ಸೋಮಾರಿತನ.

ಇದನ್ನು ಮೋಸವೆಂದು ಯಾರೂ ಕರೆಯುತ್ತಿರಲಿಲ್ಲ. 'ಹೆಲ್ಪ್' ಎನ್ನುತ್ತಿದ್ದರು. ಟೀಚರುಗಳಿಗೂ ಗೊತ್ತಿತ್ತು, ಅವರಲ್ಲಿ ಕೆಲವರು ತಮ್ಮ ಮಕ್ಕಳ ಪ್ರಾಜೆಕ್ಟನ್ನೂ ಇಲ್ಲೇ ಮಾಡಿಸುತ್ತಿದ್ದರು. ಮಗು ಮಾಡದ್ದನ್ನು ಮಗುವೇ ಮಾಡಿದೆಯೆಂದು ತಂದೆತಾಯಿ ಹೇಳುವುದು, ಟೀಚರು ನಂಬಿದಂತೆ ತಲೆಯಾಡಿಸುವುದು, ಮಗು ಇಬ್ಬರನ್ನೂ ನೋಡುತ್ತಾ ನಿಲ್ಲುವುದು. ಇಡೀ ವರ್ಷದಲ್ಲಿ ಆ ಮಗು ನಿಜವಾಗಿ ಕಲಿಯುತ್ತಿದ್ದ ಪಾಠ ಇದೊಂದೇ.

ಒಂದು ಭಾನುವಾರ ರಂಜನಿ ಬಂದಳು. ಮಾನ್ಯತಾ ಟೆಕ್ ಪಾರ್ಕಿನಲ್ಲಿ ದೊಡ್ಡ ಕೆಲಸ, ಅದಕ್ಕಿಂತ ದೊಡ್ಡ ಅವಸರ.

"ಮಿಸ್, ನಾಳೆ ಸಬ್‌ಮಿಷನ್. ನಮ್ಮ ರಕ್ಷಾಗೆ."

"ಏನ್ ಟಾಪಿಕ್ಕು?"

ರಂಜನಿ ಫೋನ್ ನೋಡಿ ಓದಿದಳು. "'ಜವಾಬ್ದಾರಿಯುತ ಕಲಿಕಾರ್ಥಿ.' ನಮ್ಮ ಏರಿಯಾದ ಒಂದು ಜಾಗದ ಇತಿಹಾಸ. ಮಗು ತಾನೇ ಹಿರಿಯರನ್ನ ಕೇಳಿ ತಿಳ್ಕೋಬೇಕು, ಯಾರು ಹೇಳಿದ್ದು ಅಂತ ಬರೀಬೇಕು, ಅದು ನಿಜಾನಾ ಅಂತ ಇನ್ನೊಬ್ಬರ ಹತ್ರ ಚೆಕ್ ಮಾಡ್ಬೇಕು, ಕಾಪಿ ಹೊಡೀಬಾರದು, ಸ್ವಂತ ಮಾತಲ್ಲಿ ಬರೀಬೇಕು."

"ಮಗು ಎಲ್ಲಿ?"

"ಅಬ್ಯಾಕಸ್ ಕ್ಲಾಸು. ಆಮೇಲೆ ಕೀಬೋರ್ಡು. ಅವಳಿಗೆಲ್ಲಿ ಟೈಮು ಮಿಸ್? ಅವಳ ಸ್ವಂತ ಮಾತಲ್ಲಿ ನೀವೇ ಬರ್ದುಬಿಡಿ."

ತುಂಗಾ ಬರೆಯಲು ಕೂತಳು. ತೋಪಿನಕೆರೆಯ ಬಗ್ಗೆ ಫೋನಿನಲ್ಲಿ ಹುಡುಕಿದರೆ ಸಿಕ್ಕಿದ್ದು ಸೈಟುಗಳ ಜಾಹೀರಾತು ಮಾತ್ರ. ಹೊರಗೆ ಮೆಟ್ಟಿಲ ಮೇಲೆ ಮನೆ ಓನರು ಮುನಿಗಂಗಮ್ಮ ಎಲೆ ಅಡಿಕೆ ಹಾಕಿಕೊಂಡು ಹೋಗಿಬರುವವರನ್ನೆಲ್ಲ ವಿಚಾರಿಸುತ್ತಾ ಕೂತಿದ್ದಳು. ಲೇಔಟು ಹೊಲಗದ್ದೆಯಾಗಿದ್ದ ಕಾಲದಿಂದ ಅಲ್ಲಿರುವ ಮನೆತನ. ಕೈ ಚಾಚಿದರೆ ಎಟುಕುವಷ್ಟು ದೂರದ ಹಿರಿಯಳು. ತುಂಗಾ ಕೈ ಚಾಚಲಿಲ್ಲ. ಗಮ್ಮು ಆರುತ್ತಿತ್ತು, ಅಜ್ಜಿಗೆ ಮಾತು ಶುರುವಾದರೆ ನಿಲ್ಲುತ್ತಿರಲಿಲ್ಲ, ಇನ್ನೂ ಎರಡು ಸೌರವ್ಯೂಹಗಳಲ್ಲಿ ಶನಿಗೆ ಉಂಗುರ ತೊಡಿಸುವುದು ಬಾಕಿಯಿತ್ತು.

ತಲೆಯೆತ್ತಿದಾಗ ಗೋಡೆಯ ಮೇಲೆ ಒಡವೆ ಅಂಗಡಿಯ ಕ್ಯಾಲೆಂಡರ್ ಕಂಡಿತು. ಮೈತುಂಬ ಚಿನ್ನ ಹೇರಿಕೊಂಡ ಮಾಡೆಲ್ ಹುಡುಗಿ. ಅವಳನ್ನೇ ನೋಡಿಕೊಂಡು ಚಾರ್ಟಿನಲ್ಲಿ ಚಿತ್ರ ಬಿಡಿಸಿದಳು. ಹೀಗೆ ರಾಣಿ ಹೊನ್ನಾಂಬಿಕೆ ಹುಟ್ಟಿದಳು. ಕೆರೆಯಲ್ಲಿ ನೀರು ನಿಲ್ಲದಿದ್ದಾಗ ಮೂಗುತಿ ಬಿಚ್ಚಿ ಎಸೆದಳು, ನೀರು ಉಕ್ಕಿತು, ಪ್ರಜೆಗಳು ಕುಣಿದಾಡಿದರು. 'ಹೇಳಿದವರು' ಎಂಬಲ್ಲಿ ತುಂಗಾ ಎಡಗೈಯಲ್ಲಿ ಬರೆದಳು: ಊರಿನ ಹಿರಿಯರು. 'ಪರಿಶೀಲಿಸಿದವರು' ಎಂಬಲ್ಲಿ: ಊರಿನ ಇನ್ನಷ್ಟು ಹಿರಿಯರು.

ರಕ್ಷಾಳಿಗೆ ಮೊದಲ ಬಹುಮಾನ ಬಂತು. ಜವಾಬ್ದಾರಿಯುತವಾಗಿ ಮಾಹಿತಿ ಹುಡುಕಿ, ಸ್ವಂತವಾಗಿ ಬರೆದದ್ದಕ್ಕೆ ಪ್ರಶಸ್ತಿ ಪತ್ರ. ರಂಜನಿ ಅದಕ್ಕೆ ಕಟ್ಟು ಹಾಕಿಸಿ ಹಾಲ್‌ನಲ್ಲಿ ತೂಗುಹಾಕಿದಳು.

ಅಲ್ಲಿಗೆ ಮುಗಿದಿದ್ದರೆ ಹೊನ್ನಾಂಬಿಕೆ ಹಳೇ ಪೇಪರಿನ ಜೊತೆ ತೂಕಕ್ಕೆ ಹೋಗುತ್ತಿದ್ದಳು. ಆದರೆ ಶಾಲೆಯ ಪತ್ರಿಕೆಯಲ್ಲಿ ಅಚ್ಚಾದಳು. ಅದನ್ನು ನೋಡಿ ಲೇಔಟಿನ ಮಾಸಪತ್ರಿಕೆಯವರು ಹಾಕಿದರು. ಅದನ್ನು ನೋಡಿ ಯಾವನೋ ಡ್ರೋನ್ ಹಾರಿಸಿ, ಹಿಂದೆ ಕೊಳಲು ನುಡಿಸಿ, 'ನಿಮಗೆ ಗೊತ್ತಿಲ್ಲದ ರಾಣಿಯ ಕಣ್ಣೀರ ಕಥೆ' ಎಂದು ವೀಡಿಯೋ ಬಿಟ್ಟ. ಒಬ್ಬ ಅವಳಿಗೆ ಕುದುರೆ ಕೊಟ್ಟ, ಇನ್ನೊಬ್ಬ ಶಾಪ ಕೊಟ್ಟ. ಕೇಳಿದ್ದಕ್ಕೆಲ್ಲ ಉತ್ತರ ಕೊಡುವ ಫೋನಿನ ಎಐ ಅವಳು ಯಾವ ಶತಮಾನದವಳೆಂದು ವಿನಯದಿಂದ ತಿಳಿಸಿತು. ಸುಳ್ಳಿನ ಬಂಡವಾಳವೇ ಇದು: ಹೆತ್ತವರು ಒಬ್ಬರೇ ಆದರೂ ಸಾಕುವವರು ಲಕ್ಷ ಜನ, ಅವರಲ್ಲಿ ಒಬ್ಬನಾದರೂ 'ಯಾರಪ್ಪ ಹೇಳಿದ್ದು?' ಎಂದು ಕೇಳುವುದಿಲ್ಲ.

ಮರುವರ್ಷ ಬೇರೆ ಮಕ್ಕಳ ತಾಯಂದಿರು ಅದೇ ರಾಣಿಯನ್ನು ಕೇಳಿಕೊಂಡು ಬಂದರು. ತುಂಗಾಳಿಗೆ ಈಗ ಭಯವಿರಲಿಲ್ಲ, ಆಧಾರವಿತ್ತು. ಮಾಸಪತ್ರಿಕೆಯ ಹೆಸರನ್ನೇ ಬರೆದಳು. ಮೊದಮೊದಲು ನಗು ಬರುತ್ತಿತ್ತು. ಆಮೇಲೆ ಅದೂ ನಿಂತುಹೋಯಿತು. ಒಮ್ಮೆಯಂತೂ ಕೆರೆ ಏರಿಯ ಮೇಲೆ ಹೋಗುವಾಗ ಮೂಗುತಿ ಬಿದ್ದದ್ದು ಯಾವ ಜಾಗದಲ್ಲಿ ಎಂದು ಯೋಚಿಸುತ್ತಾ ನಿಂತುಬಿಟ್ಟಳು.

ಹೀಗಿರುವಾಗ ಒಂದು ಮಧ್ಯಾಹ್ನ ಮುನಿಗಂಗಮ್ಮ ಮೆಟ್ಟಿಲಿಳಿದು ಅಂಗಡಿಯೊಳಗೇ ಬಂದಳು.

"ತುಂಗಮ್ಮಾ, ನೀನು ಓದ್ದೋಳು. ಒಂದು ಅರ್ಜಿ ಬರ್ಕೊಡವ್ವ. ತೂಬು ಕೀಳ್ತಾರಂತೆ."

"ಯಾವ ತೂಬು ಅಜ್ಜಿ?"

"ಕೆರೆ ಏರಿ ಮ್ಯಾಲೆ ಎಲ್ಡು ಕಲ್ಲು ನಿಂತಿಲ್ವಾ, ಅಡ್ಡ ಚಪ್ಪಡಿ ಆಕಿ? ಅದೇ ತೂಬು. ನಮ್ ಮಾವ ಮುನಿವೆಂಕಟಯ್ಯ ನೀರಗಂಟಿ. ಆ ತೂಬಿನ ಬಿರಡೆ ಎತ್ತಿ, ಯಾರ್ ಗದ್ದೆಗೆ ಮೊದ್ಲು, ಯಾರ್ ಗದ್ದೆಗೆ ಆಮ್ಯಾಕೆ ಅಂತ ನೀರು ಬಿಡ್ತಿದ್ದೋರು. ಈಗ ನೀವೆಲ್ಲ ಮನೆ ಕಟ್ಕಂಡಿದ್ದೀರಲ್ಲ, ಇದೆಲ್ಲ ಅವ್ರು ನೀರು ಬಿಟ್ಟ ಗದ್ದೆ. ಕೆರೆ ತುಂಬಿದ್ ವರ್ಷ ನಾವಲ್ಲಿ ದೀಪ ಅಚ್ತೀವಿ. ಅದ್ನ ಕಿತ್ತಾಕಿ ಅದ್ಯಾವಳೋ ರಾಣಿ ಬೊಂಬೆ ನಿಲ್ಲಿಸ್ತಾರಂತೆ!"

ತುಂಗಾಳ ಕೈಯಲ್ಲಿದ್ದ ಕತ್ತರಿ ನಿಂತಿತು.

"ನಾನು ಮದ್ವೆಯಾಗಿ ಬಂದಾಗ್ಲಿಂದ ಈ ಕೆರೆ ನೋಡ್ತಿವ್ನಿ. ಯಾವ್ ರಾಣೀನೂ ಇಲ್ಗೆ ಬಟ್ಟೆ ಒಗ್ಯಾಕೂ ಬಂದಿಲ್ಲ. ಆ ಕೆರೆ ಸಮಿತಿ ವೇಣುಗೋಪಾಲಪ್ಪನ್ನ ಕೇಳಿದ್ರೆ, 'ಅಜ್ಜಿ, ನಿಮಗೆ ಗೊತ್ತಿಲ್ಲ, ಎಲ್ಲಾ ನೆಟ್‌ನಲ್ಲಿದೆ' ಅಂತಾನೆ. ನಮ್ಮನೇಲೂ ವೈಫೈ ಐತೆ ಕಣಪ್ಪ, ನೆಟ್‌ಗೆ ಈ ಕತೆ ಏಳ್ದೋನ್ಯಾವನು ಅದ್ನ ಏಳು ಅಂದೆ. ವಾಕಿಂಗ್ ಲೇಟಾಯ್ತು ಅಂತ ಎದ್ದೋದ."

ಹೇಳದೆ ಇರಬಹುದಿತ್ತು. ಅರ್ಜಿ ಬರೆದುಕೊಟ್ಟು ಒಳ್ಳೆಯವಳೂ ಆಗಬಹುದಿತ್ತು. ತುಂಗಾಳ ಬಾಯಲ್ಲಿ ಮಾತು ತಾನಾಗಿ ಹೊರಬಿತ್ತು.

"ನಾನೇ ಅಜ್ಜಿ. ಆ ರಾಣೀನ ನಾನೇ ಕಟ್ಟಿದ್ದು. ಇಲ್ಲೇ ಕೂತ್ಕೊಂಡು."

ಮುನಿಗಂಗಮ್ಮ ಬೈಯುತ್ತಾಳೆಂದು ಕಾದಳು. ಅಜ್ಜಿ ಬೈಯಲಿಲ್ಲ. "ಯಾಕವ್ವಾ, ನಾನು ಮೆಟ್ಲ ಮ್ಯಾಲೇ ಕೂತಿದ್ನಲ್ಲ. ಒಂದು ಮಾತು ಕೇಳಿದ್ರೆ ನಾನು ಏಳ್ತಿರ್ನಿಲ್ವಾ?" ಎಂದಳು. ಹೊರಡುವಾಗ, "ಭಾನ್ವಾರ ಸಮಿತಿ ಮೀಟಿಂಗು. ಅಲ್ಲಿ ಇದ್ನೇ ಏಳು. ಇಲ್ಲಾಂದ್ರೆ ಅಂಗಡಿ ಖಾಲಿ ಮಾಡು" ಎಂದಳು.

ಮೀಟಿಂಗು ನಡೆದದ್ದು ಕೆರೆ ಪಕ್ಕದ ಪಾರ್ಕಿನ ಮಂಟಪದಲ್ಲಿ. ಕೆರೆ ಸಂರಕ್ಷಣಾ ಸಮಿತಿಯ ಅಧ್ಯಕ್ಷ ವೇಣುಗೋಪಾಲ್ ನಿವೃತ್ತ ಅಧಿಕಾರಿ. ನಿವೃತ್ತರಾದ ಮೇಲೂ ಅಧಿಕಾರ ಮಾಡಲು ಒಂದು ಕೆರೆ ಸಿಕ್ಕಿದ್ದು ಅವರ ಪುಣ್ಯ. ಮೇಜಿನ ಮೇಲೆ ಮಣ್ಣಿನ ಮಾದರಿ ಪ್ರತಿಮೆ ಇತ್ತು. ತುಂಗಾ ನೋಡಿದಳು. ಅದೇ ಝುಮುಕಿ, ಅದೇ ಡಾಬು. ಕ್ಯಾಲೆಂಡರಿನ ಹುಡುಗಿ ಕೈಯಲ್ಲಿ ಕತ್ತಿ ಹಿಡಿದು ನಿಂತಿದ್ದಳು.

ಅವಳು ಎದ್ದು ನಿಂತು ನಡೆದದ್ದನ್ನು ನಡೆದಂತೆ ಹೇಳಿದಳು. ಆಮೇಲೆ ವೇಣುಗೋಪಾಲ್ ಕನ್ನಡಕ ತೆಗೆದು ಒರೆಸಿಕೊಂಡರು.

"ಮೇಡಂ, ರಾಣಿ ಇರಲಿಲ್ಲ ಅನ್ನೋದಕ್ಕೆ ನಿಮ್ಮ ಹತ್ರ ಆಧಾರ ಏನಿದೆ?"

"ಆಧಾರ ಏನ್ ಸಾರ್, ನಾನೇ ಬರ್ದಿದ್ದು!"

"ಅದು ನಿಮ್ಮ ಬಾಯಿಮಾತು. ರಾಣಿಗೆ ಎರಡು ಪತ್ರಿಕೆ ಇದೆ, ವೀಡಿಯೋ ಇದೆ, ಎಐ ಕೂಡ ಹೇಳುತ್ತೆ. ನಾವು ವಿದ್ಯಾವಂತರು, ಸುಮ್ನೆ ಯಾರೋ ಹೇಳಿದ್ದನ್ನೆಲ್ಲ ನಂಬೋಕಾಗುತ್ತಾ?"

ಎಲ್ಲರೂ ತಲೆಯಾಡಿಸಿದರು. ಈ ಊರಿನಲ್ಲಿ ಸಾಕ್ಷಿ ಕೇಳುವ ಸದ್ಬುದ್ಧಿ ಜನಕ್ಕೆ ಬರುವುದು ಒಂದೇ ಒಂದು ಸಲ, ಯಾರಾದರೂ ನಿಜ ಹೇಳಿದಾಗ.

ತುಂಗಾ ಮುಂದಿನ ಸಾಲಿನಲ್ಲಿ ಕೂತಿದ್ದ ರಂಜನಿಯ ಕಡೆ ತಿರುಗಿದಳು. "ನೀವಾದ್ರೂ ಹೇಳ್ರೀ. ನೀವೇ ಅಲ್ವಾ ಬರೆಸ್ಕೊಂಡು ಹೋಗಿದ್ದು?"

ರಂಜನಿಯ ಮುಖ ಕೆಂಪಾಯಿತು. "ಏನ್ ಮಾತಾಡ್ತಿದ್ದೀರಾ ಮಿಸ್? ನಮ್ಮ ರಕ್ಷಾ ಸ್ವಂತವಾಗಿ ರಿಸರ್ಚ್ ಮಾಡಿದ್ದು. ಸರ್ಟಿಫಿಕೇಟಿದೆ. ನೀವು ಬರೀ ಬಾರ್ಡರ್ ಅಂಟಿಸಿದ್ದು."

ವೇಣುಗೋಪಾಲ್ ದೊಡ್ಡ ಮನಸ್ಸು ಮಾಡಿದರು. "ಅಜ್ಜಿಗೂ ಬೇಜಾರಾಗೋದು ಬೇಡ. ಒಂದು ಕೆಲಸ ಮಾಡೋಣ. ತೂಬು ಕಟ್ಟಿಸಿದ್ದು ರಾಣಿ ಹೊನ್ನಾಂಬಿಕೆ, ನೀರಗಂಟೀನ ನೇಮಿಸಿದ್ದೂ ಅವರೇ ಅಂತ ಹಾಕಿಬಿಟ್ಟರೆ ಕಲ್ಲು ರಾಣಿ ಪಕ್ಕದಲ್ಲೇ ಇರ್ಲಿ. ತುಂಗಾ ಮಿಸ್, ನಿಮ್ಮ ಕೈಬರಹ ಚೆನ್ನಾಗಿದೆ, ನೀವೇ ಒಂದು ಪ್ಯಾರಾ ಬರ್ಕೊಡಿ."

ಇನ್ನೊಂದೇ ಒಂದು ಪ್ಯಾರಾ. ಬಲಗೈಯಲ್ಲೇ ಬರೆಯಬಹುದಿತ್ತು. ಕಲ್ಲು ಉಳಿಯುತ್ತಿತ್ತು, ಅಂಗಡಿಯ ವ್ಯಾಪಾರವೂ ಉಳಿಯುತ್ತಿತ್ತು. ತುಂಗಾ ಪಕ್ಕದಲ್ಲಿ ಕೂತಿದ್ದ ಅಜ್ಜಿಯ ಮುಖ ನೋಡಿದಳು.

"ನಮ್ಮಾವನ್ನ ಆ ಯಮ್ಮನ ಆಳು ಮಾಡ್ತೀರಾ?" ಮುನಿಗಂಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಹುಟ್ದೇ ಇರೋಳ ತಾವ ಕೂಲಿ ಮಾಡಕ್ಕೆ ನಮ್ಮಾವನಿಗೇನು ಬಂದಿತ್ತು? ಕಿತ್ತಾಕೋದಾದ್ರೆ ಕಿತ್ತಾಕಿ. ಸುಳ್ಳೇಳ್ಕಂಡು ಉಳಿಸ್ಬ್ಯಾಡಿ."

"ಬರಿಯಲ್ಲ ಸಾರ್" ಎಂದಳು ತುಂಗಾ.

ಮಾರನೇ ಬೆಳಿಗ್ಗೆ ಅವಳ ಶಟರಿನ ಮೇಲೆ ದೊಡ್ಡ ಹಳದಿ ಚಾರ್ಟು ಅಂಟಿತ್ತು. 'ರಾಣಿ ಹೊನ್ನಾಂಬಿಕೆ ಎಂಬುವವರು ಇರಲಿಲ್ಲ. ನಾನೇ ಹುಟ್ಟಿಸಿದ್ದು. ಈ ಅಂಗಡಿಯಿಂದ ಶಾಲೆಗಳಿಗೆ ಹೋದ ಪ್ರಾಜೆಕ್ಟುಗಳಲ್ಲಿ ಇನ್ನೂ ಯಾವ ಯಾವುದರಲ್ಲಿ ಸುಳ್ಳು ಸೇರಿದೆಯೋ, ನೆನಪಾದಂತೆ ದಿನಕ್ಕೊಂದು ಇಲ್ಲಿ ಬರೆಯುತ್ತೇನೆ. ತುಂಗಾ.'

ಅವಳು ಬರೆದದ್ದು ತಪ್ಪು ತಿದ್ದಿಕೊಳ್ಳುವುದಕ್ಕೆ. ಲೇಔಟು ಓದಿಕೊಂಡದ್ದು ಬೆದರಿಕೆಯೆಂದು. ತಿಂಡಿಯ ಹೊತ್ತಿಗೆಲ್ಲ ವೇಣುಗೋಪಾಲರ ಫೋನ್ ಬಿಸಿಯಾಗಿತ್ತು. "ಸಾರ್, ಅವಳು ಹೆಸರು ಹಾಕೋಕೆ ಶುರು ಮಾಡಿದ್ರೆ ನಮ್ಮ ಜಯಂತನ ಸೈನ್ಸ್ ಪ್ರೈಜ್ ಕತೆ ಏನು?" "ಸಾರ್, ನಮ್ಮ ಸಂಹಿತಾಗೆ ಅಡ್ಮಿಷನ್ ಸಿಕ್ಕಿದ್ದೇ ಅವಳು ಮಾಡ್ಕೊಟ್ಟ ಮಾಡೆಲ್ ತೋರ್ಸಿ." ಇವರೆಲ್ಲರ ಮಾತನ್ನು ಕೇಳಿಯೂ ಅಧ್ಯಕ್ಷರು ಗಟ್ಟಿಯಾಗಿ ನಿಲ್ಲುತ್ತಿದ್ದರೇನೋ. ಆದರೆ ಅವರ ಮೊಮ್ಮಗ ಶರತ್ ಜಿಲ್ಲಾ ಮಟ್ಟಕ್ಕೆ ಹೋದದ್ದು ಮಳೆ ನೀರು ಕೊಯ್ಲಿನ ಮಾದರಿಯಿಂದ, ಆ ಮಾದರಿಯ ಪೈಪಿಗೆ ಗಮ್ಮು ಹಾಕಿದ ಕೈ ಯಾರದೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ತಾಂತ್ರಿಕ ಕಾರಣಗಳಿಂದ ಪ್ರತಿಮೆಯನ್ನು ಕೈಬಿಡಲಾಗಿದೆ ಎಂಬ ಪ್ರಕಟಣೆ ಆ ವಾರವೇ ಬಂತು. ತೂಬಿನ ಕಲ್ಲನ್ನು ಯಾರೂ ಮುಟ್ಟಲಿಲ್ಲ. ನಿಜ ಗೆದ್ದಿತೆಂದು ಚಪ್ಪಾಳೆ ಹೊಡೆಯಬೇಕಾಗಿಲ್ಲ. ಗೆದ್ದದ್ದು ಹೆದರಿಕೆ. ಆ ಲೇಔಟಿನಲ್ಲಿ ಒಬ್ಬನೇ ಒಬ್ಬ ತಂದೆ ಮಗುವನ್ನು ಕೂರಿಸಿಕೊಂಡು 'ಅದು ನೀನು ಮಾಡಿದ್ದಲ್ಲ ಕಣೋ, ತಪ್ಪಾಯ್ತು' ಎಂದು ಹೇಳಿದ ಸುದ್ದಿಯಿಲ್ಲ.

ತುಂಗಾಳ ಅಂಗಡಿಗೆ ಭಾನುವಾರಗಳಲ್ಲಿ ಕಾರು ಬರುವುದು ನಿಂತಿತು. ಅವರೆಲ್ಲ ಈಗ ಯಲಹಂಕ ನ್ಯೂ ಟೌನಿನಲ್ಲಿ ಇನ್ನೊಬ್ಬಳನ್ನು ಹುಡುಕಿಕೊಂಡಿದ್ದಾರೆ. ತುಂಗಾ ಜೆರಾಕ್ಸ್ ಮಿಷನ್ ಇಟ್ಟುಕೊಂಡಳು. ಅದರಲ್ಲಿ ಬರುವುದು ಕಾಪಿಯೆಂದು ಎಲ್ಲರಿಗೂ ಗೊತ್ತಿರುತ್ತದಲ್ಲ, ಅದೇ ಒಂದು ನೆಮ್ಮದಿ. ಬಿಡುವಾದಾಗ ಮುನಿಗಂಗಮ್ಮನನ್ನು ತೂಬಿನ ಹತ್ತಿರ ಕರೆದುಕೊಂಡು ಹೋಗಿ ಕೇಳುತ್ತಿದ್ದಳು. ಬಿರಡೆ ಹೇಗಿತ್ತು, ನೀರಿಗೆ ಜಗಳ ಬಂದರೆ ಮಾವ ಏನು ಮಾಡುತ್ತಿದ್ದರು ಎಂದೆಲ್ಲ. ಅಜ್ಜಿ ಹೇಳಿದ್ದನ್ನು ಇನ್ನಿಬ್ಬರು ಹಳಬರ ಹತ್ತಿರ ಹೋಗಿ ವಿಚಾರಿಸುತ್ತಿದ್ದಳು. ಒಬ್ಬರು ಹೌದೆಂದರೆ ಇನ್ನೊಬ್ಬರು ಸುಳ್ಳು ಎನ್ನುತ್ತಿದ್ದರು. ಕಟ್ಟುವುದಕ್ಕಿಂತ ಕೇಳುವುದು ಇಷ್ಟು ಕಷ್ಟವೆಂದು ಅವಳಿಗೆ ಗೊತ್ತಿರಲಿಲ್ಲ.

ಪ್ರತಿಮೆಗೆಂದು ತೂಬಿನ ಮುಂದೆ ಆಗಲೇ ಕಟ್ಟಿದ್ದ ಕಟ್ಟೆ ಖಾಲಿ ಬಿದ್ದಿರುವುದನ್ನು ನೋಡಲಾರದೆ ವೇಣುಗೋಪಾಲರು ಅಲ್ಲಿ ತೂಬಿನ ಬಗ್ಗೆಯೇ ಒಂದು ಬೋರ್ಡು ಹಾಕಿಸಲು ಒಪ್ಪಿದರು. ಬರೆಯುವವಳು ತುಂಗಾ. ಒಂದು ಬೆಳಿಗ್ಗೆ ಅವಳು ಬ್ರಷ್ಷು ಹಿಡಿದು ಬಗ್ಗಿರುವಾಗ, ವಾಕಿಂಗ್ ಮುಗಿಸಿದ ಅಧ್ಯಕ್ಷರು ಹಿಂದೆ ನಿಂತು ಗಟ್ಟಿಯಾಗಿ ಓದಿದರು.

"'ತೋಪಿನಕೆರೆ ತೂಬು. ನೀರು ಬಿಡುತ್ತಿದ್ದವರು: ನೀರಗಂಟಿ ಮುನಿವೆಂಕಟಯ್ಯ. ಹೇಳಿದವರು: ಅವರ ಸೊಸೆ ಮುನಿಗಂಗಮ್ಮ. ಕಟ್ಟಿಸಿದವರು: ಗೊತ್ತಿಲ್ಲ. ಕಾಲ: ಗೊತ್ತಿಲ್ಲ.' ಇದೇನ್ರೀ ಇದು? ಹೀಗೆ ಬೋರ್ಡ್ ಹಾಕಿದ್ರೆ ನಮ್ಮ ಲೇಔಟಿನ ಮರ್ಯಾದೆ ಏನಾಗ್ಬೇಕು?"

"ಅಜ್ಜಿಗೆ ಗೊತ್ತಿಲ್ಲ ಸಾರ್. ಬೇರೆಯವರನ್ನೂ ಕೇಳ್ದೆ. ಯಾರಿಗೂ ಗೊತ್ತಿಲ್ಲ."

"ಇಸವಿ ಬೇಡ, ಬಿಡಿ. 'ಸುಮಾರು ಇಂತಿಷ್ಟು ವರ್ಷ' ಅಂತಾದ್ರೂ ಹಾಕಿ."

"ಸುಮಾರು ಎಷ್ಟು ಸಾರ್?"

"ಅದು ನಿಮಗೆ ಬಿಟ್ಟಿದ್ದು."

ತುಂಗಾ ಬ್ರಷ್ಷನ್ನು ಬಣ್ಣದ ಡಬ್ಬಿಗೆ ಅದ್ದಿ, ಕೊನೆಯ 'ಗೊತ್ತಿಲ್ಲ'ವನ್ನು ಇನ್ನೊಂದು ಸಲ ದಪ್ಪ ಮಾಡಿದಳು.

"ನನಗೆ ಬಿಟ್ಟಿದ್ದಕ್ಕೇ ಸಾರ್ ಇಷ್ಟೆಲ್ಲಾ ಆಗಿದ್ದು."