ನಾಲ್ಕು ಕ್ಯಾಮೆರಾ, ಒಂದು ಶೋಕೇಸ್

ಕಳೆದ ವಾರ ಕೃಷ್ಣಗಿರಿಯಲ್ಲಿ ಅಮ್ಮನ ಆಸ್ಪತ್ರೆ ಕಾರ್ಡಿಗೆ ಲ್ಯಾಮಿನೇಷನ್ ಮಾಡಿಸಲು ಒಂದು ಜೆರಾಕ್ಸ್ ಅಂಗಡಿಯ ಮುಂದೆ ನಿಂತಿದ್ದೆ. ಯಂತ್ರದ ಬಾಯಿಂದ ಕಾರ್ಡು ಹೊರಗೆ ಬರುವಾಗ ಬಿಸಿ ಪ್ಲಾಸ್ಟಿಕ್ಕಿನ ವಾಸನೆ ಬಂತು. ಅಂಥ ಒಳ್ಳೆಯ ವಾಸನೆಯೇನಲ್ಲ, ಮೂಗು ಸ್ವಲ್ಪ ಉರಿಯುತ್ತದೆ. ನನಗೆ ಮಾತ್ರ ನಗು ಬಂತು. ಅಂಗಡಿಯ ಹುಡುಗಿ ಮುಖ ನೋಡಿದಳು. ನನಗೆ ನೆನಪಾದದ್ದು ಡೆಂಕಣಿಕೋಟೆಯ ಸ್ಟುಡಿಯೋ ಮಾವ.

ಅವರು ನಮಗೆ ರಕ್ತಸಂಬಂಧಿಯಲ್ಲ. ನನ್ನ ತಾಯಿಯ ಊರಿನವರು, ಅಷ್ಟೇ. ಅಮ್ಮ ಅವರನ್ನು ಅಣ್ಣ ಎನ್ನುತ್ತಿದ್ದಳು, ಅಪ್ಪ ಬಾವ ಎನ್ನುತ್ತಿದ್ದರು, ನನಗೆ ಮಾವ. ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಒಳಗೆ ಅವರ ಸ್ಟುಡಿಯೋ. ಮುಂದೆ ಒಂದು ಗಾಜಿನ ಶೋಕೇಸ್, ಅದರಲ್ಲಿ ಒಂದರ ಮೇಲೊಂದು ನಾಲ್ಕು ಅರೆ. ಹಿಂದಿನ ಕೋಣೆಯಲ್ಲಿ ನೀಲಿ ಪರದೆ, ಒಂದು ಸ್ಟೂಲು. ಮೂವತ್ತು ವರ್ಷ ಆ ಸ್ಟೂಲಿನ ಮೇಲೆ ಕೂತವರಿಗೆಲ್ಲ ಅವರು ಹೇಳಿದ್ದು ಒಂದೇ ಮಾತು: "ಕತ್ತು ನೇರ... ಗಲ್ಲ ಕೆಳಕ್ಕೆ... ಉಸ್ರು ಬಿಡು, ಸತ್ತೋಗ್ಬ್ಯಾಡ."

ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಕಾಡಂಚಿನ ನಮ್ಮ ಊರಿಗೆ ಆನೆ ಬಂದ ದಿನ ಬೆಳಗಿನ ಬಸ್ಸು ಬಿಟ್ಟು, ಬಿಸಿಲೇರಿದ ಮೇಲೆ ರಸ್ತೆಗೆ ನಡೆದು, ಹೊಸೂರಿನ ಕಾಲೇಜಿಗೆ ಮಧ್ಯಾಹ್ನ ಮುಟ್ಟಿ ಬೈಸಿಕೊಂಡು ಪಡೆದ ಬಿ.ಕಾಂ. ಅದು. ಪಾಸಾದ ಮೇಲೆ ಕೆಲಸಕ್ಕೆ ಅರ್ಜಿ ಹಾಕುವುದೇ ಕೆಲಸವಾಯಿತು. ಅರ್ಜಿಗೊಂದು ಫೋಟೋ ಬೇಕು. ಹೀಗೆ ತಿಂಗಳಿಗೆರಡು ಸಲ ಮಾವನ ಸ್ಟೂಲಿನ ಮೇಲೆ ಕೂರುತ್ತಿದ್ದೆ. ಅವರು ನನ್ನ ಹೆಸರು ಬಿಟ್ಟೇ ಬಿಟ್ಟಿದ್ದರು.

"ಏನಮ್ಮಾ ಬೀಕಾಂ, ಇನ್ನೂ ಯಾರೂ ಕರೀಲಿಲ್ವಾ? ನನ್ನ ಫೋಟೋದಾಗೇನೂ ತಪ್ಪಿಲ್ಲ ಬುಡು, ಮುಖದಾಗೇ ಏನೋ ಐತೆ!"

ಅಂಥ ಒಂದು ದಿನ ಹೋದಾಗ ಮಾವ ಮೇಜಿನ ಮೇಲೆ ಹೊಸ ಪೆಟ್ಟಿಗೆಗಳನ್ನು ಹರವಿಕೊಂಡು ಕೂತಿದ್ದರು. ಬೆಂಗಳೂರಿನ ಒಬ್ಬ ಡೀಲರ್ ಕಡೆಯಿಂದ ನಾಲ್ಕು ಕ್ಯಾಮೆರಾ ಮಾರಾಟಕ್ಕೆ ತಂದಿದ್ದರು. ಅಂಗೈಯಗಲದ ಪುಟ್ಟ ಕ್ಯಾಮೆರಾ. ಆದರೆ ಅದಕ್ಕೆ ಮುಂಭಾಗವೇ ಇಲ್ಲ! ಹಿಂದೆ ಪರದೆ, ಮೇಲೆ ಗುಂಡಿ, ಒಳಗೆ ಬ್ಯಾಟರಿ, ಮುಂದೆ ಬರೀ ಖಾಲಿ ಗೂಡು. ಆ ಗೂಡಿಗೆ ಬೇರೆ ಬೇರೆ ಡಬ್ಬಿ ಜಾರಿಸಬೇಕು. ಒಂದು ಡಬ್ಬಿ ಅಗಲಕ್ಕೆ ನೋಡುವುದು, ಒಂದು ದೂರಕ್ಕೆ, ಇನ್ನೊಂದು ಹೂವು, ಹುಳು ಹತ್ತಿರದಿಂದ ತೆಗೆಯುವುದು. ಬೇರೆ ಕ್ಯಾಮೆರಾಗಳಲ್ಲಿ ಲೆನ್ಸು ಮಾತ್ರ ಬದಲಾಗುತ್ತದೆ, ಚಿತ್ರ ಹಿಡಿಯುವ ಬಿಲ್ಲೆ ಕ್ಯಾಮೆರಾದೊಳಗೇ ಇರುತ್ತದೆ. ಇದರಲ್ಲಿ ಹಾಗಲ್ಲ. ಪ್ರತಿ ಡಬ್ಬಿಯೊಳಗೂ ಲೆನ್ಸು, ಬಿಲ್ಲೆ ಎರಡನ್ನೂ ಸೇರಿಸಿ ಸೀಲು ಮಾಡಿದ್ದರು. ಮಾವ ಡಬ್ಬಿ ಜಾರಿಸಿದರೆ 'ಟಕ್' ಎಂದು ಕೂರುತ್ತಿತ್ತು. ಆ ಸದ್ದಿಗೇ ಅವರು ಮರುಳಾಗಿದ್ದರು ಅಂತ ಕಾಣುತ್ತದೆ.

ಅತ್ತೆಗೆ, ಅಂದರೆ ಅವರ ಹೆಂಡತಿಗೆ, ಆ ಸದ್ದು ಹಿಡಿಸಲಿಲ್ಲ. ಶೋಕೇಸಿನಲ್ಲಿ ಬಳೆ, ಕ್ಲಿಪ್ಪು, ರಿಬ್ಬನ್ನು ಇಟ್ಟು ಮಾರಬೇಕೆಂದು ಎಷ್ಟೋ ವರ್ಷದಿಂದ ಕೇಳುತ್ತಿದ್ದರು. ಈಗ ನೋಡಿದರೆ ಅರೆಗೊಂದರಂತೆ ಕ್ಯಾಮೆರಾ ಬಂದು ಕೂತಿವೆ.

"ಆಯುಧ ಪೂಜೆವರ್ಗೂ ಟೈಮು. ನಾಲ್ಕೂ ಹೋದ್ರೆ ಶೋಕೇಸು ನಿಂದು. ಒಂದು ಉಳುದ್ರೂ ನಂದು. ಆಮ್ಯಾಕೆ ಮಾತಿಲ್ಲ," ಎಂದರು ಅತ್ತೆ.

ಮಾವ ಒಪ್ಪಿಬಿಟ್ಟರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದ್ದು ಈಗಲೂ ಕಿವಿಯಲ್ಲಿದೆ. "ಪಾಸ್‌ಪೋರ್ಟು ಸೈಜು ತೆಗ್ದೂ ತೆಗ್ದೂ ಮುದುಕನಾದೆ ಕಣಮ್ಮ. ಒಂದು ಸಲ ಕ್ಯಾಮೆರಾ ಮಾರೋನು ಅನ್ನುಸ್ಕೋಬೇಕು. ನೀನು ಓದ್ದೋಳು. ಇದು ಓಡ್ತೈತಾ ಇಲ್ವಾ, ಬರ್ದುಕೊಡು."

ಬರೆದುಕೊಟ್ಟೆ. ಹನ್ನೊಂದು ಹಾಳೆ, ಇಂಗ್ಲಿಷಿನಲ್ಲಿ. ಪಠ್ಯಪುಸ್ತಕದ ತಲೆಬರಹಗಳನ್ನೆಲ್ಲ ಹಾಕಿ, ಕೆಳಗೆ ಸ್ಕೇಲಿಟ್ಟು ಗೆರೆ ಎಳೆದು. ಅದುವರೆಗೆ ನಾನು ಕ್ಯಾಮೆರಾವನ್ನು ಕೈಯಲ್ಲಿ ಹಿಡಿದವಳೇ ಅಲ್ಲ. ಆದರೂ, ಈ ಸರಕು ಖಂಡಿತ ಗೆಲ್ಲುತ್ತದೆ, ಒಂದೇ ಕ್ಯಾಮೆರಾ ಕೊಂಡು ಬೇಕಾದ ಹಾಗೆ ಡಬ್ಬಿ ಬದಲಾಯಿಸಬಹುದು ಎಂದು ಮುಗಿಸಿದ್ದೆ. ಮಾವನಿಗೆ ಅದರಲ್ಲಿ ಒಂದು ಸಾಲೂ ಓದಲು ಬರುತ್ತಿರಲಿಲ್ಲ. ಅವರು ಹನ್ನೊಂದೂ ಹಾಳೆಗೆ ಲ್ಯಾಮಿನೇಷನ್ ಹೊಡೆದು, ಮೂಲೆಗೆ ತೂತು ಮಾಡಿ ರಿಂಗ್ ಹಾಕಿ, ಗೋಡೆಯ ಮೊಳೆಗೆ ನೇತುಹಾಕಿದರು. ಬಂದವರು ಅದನ್ನು ಅಂಗಡಿಯ ಲೈಸೆನ್ಸು ಅಂದುಕೊಳ್ಳುತ್ತಿದ್ದರು. ಬಿಸಿ ಪ್ಲಾಸ್ಟಿಕ್ಕಿನ ಆ ವಾಸನೆಯ ನಡುವೆ ನಿಂತು ನನಗಾದ ಹೆಮ್ಮೆ... ಡಿಗ್ರಿ ಕೈಗೆ ಬಂದ ದಿನವೂ ಅಷ್ಟು ಆಗಿರಲಿಲ್ಲ.

ಸಂತೆಯ ದಿನ ಮಾವ ಅಂಗಡಿಯ ಮುಂದೆ ಮೇಜು ಹಾಕಿದರು. ರೈತರಿಗೆ ಅರ್ಥವಾಗುವ ಹಾಗೆ ಹೇಳಬೇಕಲ್ಲ? ಟ್ರಾಕ್ಟರಿನ ಲೆಕ್ಕದಲ್ಲಿ ಹೇಳಿದರು. "ನೋಡ್ರಪ್ಪಾ, ಟ್ರಾಕ್ಟ್ರು ಒಂದೇ. ಉಳಾಕೆ ನೇಗ್ಲು ಕಟ್ತೀರ, ಗೊಬ್ರಕ್ಕೆ ಟ್ರೇಲರ್ ಕಟ್ತೀರ. ಇದೂ ಹಂಗೇಯ!" ನಾನು ಪಕ್ಕದಲ್ಲಿ ನಿಂತು ತಲೆಯಾಡಿಸುತ್ತಿದ್ದೆ. ಜನ ಸೇರಿದರು. ಮಂಡಿಗೆ ಟೊಮೇಟೊ ಹಾಕಿ ಬಂದ ನನ್ನ ಅಪ್ಪನೂ ಖಾಲಿ ಕುಕ್ಕೆ ಹಿಡಿದು ಮುಂದೆ ಬಂದು ನಿಂತರು.

"ಬಾವ, ಇದ್ರ ಇಂಜಿನ್ನು ಎಲ್ಲೈತೆ?" ಅಪ್ಪ ಕೇಳಿದರು.

"ಈ ಡಬ್ಬಿಯಾಗೈತೆ."

"ಆ ಡಬ್ಬಿಯಾಗೆ?"

"ಅದ್ರಾಗೂ ಒಂದೈತೆ."

ಅಪ್ಪ ಕ್ಯಾಮೆರಾದ ಖಾಲಿ ಗೂಡಿನೊಳಗೆ ಬೆರಳು ತೂರಿಸಿ ನೋಡಿದರು. "ಹಂಗಾರೆ ನೇಗ್ಲಿಗೊಂದು ಇಂಜಿನ್ನು, ಟ್ರೇಲರ್‌ಗೊಂದು ಇಂಜಿನ್ನು. ಟ್ರಾಕ್ಟ್ರಾಗೆ ಬರೀ ಸೀಟು! ನೀನು ಸೀಟು ಮಾರ್ತಾ ಇದ್ದೀಯ ಅನ್ನು ಬಾವ."

ಇಡೀ ಸಂತೆಯೇ ನಕ್ಕಿತು ಅನ್ನಿಸಿತು ನನಗೆ. ಎಲ್ಲರಿಗಿಂತ ಜೋರಾಗಿ ನಕ್ಕವರು ಮಾವ. ಮೇಜು ಹಿಡಿದುಕೊಂಡು, ಕೆಮ್ಮು ಬರುವವರೆಗೆ ನಕ್ಕರು. ಆಮೇಲೆ ಕಣ್ಣು ಒರೆಸಿಕೊಂಡು, "ಬೀಕಾಂ, ಹನ್ನೊಂದು ಹಾಳೆಯಾಗೆ ಈ ಒಂದು ಮಾತು ಇತ್ತೇನಮ್ಮಾ?" ಎಂದರು. ಇರಲಿಲ್ಲ. ಶಾಲೆಯ ಮೆಟ್ಟಿಲು ಹತ್ತದ ಅಪ್ಪ ಒಂದು ಬೆರಳಿನಲ್ಲಿ ಕಂಡುಕೊಂಡದ್ದು ನನ್ನ ಪುಸ್ತಕಕ್ಕೆ ಕಂಡಿರಲಿಲ್ಲ. ಮನೆಗೆ ಹೋಗಿ ಅಪ್ಪನ ಹತ್ತಿರ ಎರಡು ದಿನ ಮಾತು ಬಿಟ್ಟೆ. ಅವರಿಗೆ ಅದು ಗೊತ್ತೂ ಆಗಲಿಲ್ಲ.

ಆ ಸಂತೆಯಲ್ಲಿ ಒಂದೂ ಹೋಗಲಿಲ್ಲ. ಅದರ ಮುಂದಿನದರಲ್ಲೂ ಇಲ್ಲ. ಅತ್ತೆ ಹೊಸೂರಿನಿಂದ ಬಳೆಯ ನಮೂನೆಗಳನ್ನು ತರಿಸಿ ಇಟ್ಟುಕೊಂಡರು.

ನಾಚಿಕೆಗೆ ಆ ಕಡೆ ಹೋಗುವುದನ್ನೇ ಬಿಟ್ಟಿದ್ದೆ. ಆದರೆ ಅರ್ಜಿ ಕೇಳಬೇಕಲ್ಲ, ಮತ್ತೆ ಫೋಟೋ ಬೇಕಾಯಿತು. ಹೋದಾಗ ಮಾವ ಕಂಪ್ಯೂಟರಿನಲ್ಲಿ ಒಬ್ಬ ಮದುಮಗಳ ಕೆನ್ನೆಯ ಮೇಲಿನ ಕಪ್ಪು ಚುಕ್ಕೆ ಅಳಿಸುತ್ತಿದ್ದರು.

"ಮಚ್ಚೆ ಯಾಕೆ ಮಾವ ತೆಗೀತೀರ? ಚೆನ್ನಾಗೈತೆ."

"ಮಚ್ಚೆಯಲ್ಲ ಕಣಮ್ಮ, ಧೂಳು. ನನ್ನ ದೊಡ್ಡ ಕ್ಯಾಮೆರಾದಾಗೆ ಲೆನ್ಸು ಬಿಚ್ಚಿದಾಗೆಲ್ಲ ಒಳಕ್ಕೋಗಿ ಕೂತ್ಕೋತೈತೆ. ಎಲ್ಲಾ ಫೋಟೋದಾಗೂ ಅದೇ ಜಾಗ್ದಾಗೆ ಚುಕ್ಕೆ."

"ಆ ಹೊಸ ಕ್ಯಾಮೆರಾದಾಗೆ?"

"ಡಬ್ಬಿ ಸೀಲು ಅಲ್ವಾ, ಹೋಗಾಕಿಲ್ಲ..." ಎಂದವರು ಮೌಸಿನಿಂದ ಕೈ ತೆಗೆದು ನನ್ನ ಕಡೆ ತಿರುಗಿದರು.

"ಇದನ್ನ ಯಾಕೆ ಯಾರ್ಗೂ ಹೇಳ್ಲಿಲ್ಲ ಮಾವ?"

"ನೀನು ಬರ್ದಿರ್ಲಿಲ್ವಲ್ಲಾ!"

ಎಲ್ಲಿ ಧೂಳಿದೆಯೋ ಅಲ್ಲಿ ಇದು ಬೇಕು. ಮನೆಯಲ್ಲಿ ಅಪ್ಪನನ್ನೇ ಕೇಳಿದೆ. ಅವರು ಒಂದೆರಡು ವರ್ಷ ಕಲ್ಲು ಲೋಡಿಗೆ ಹೋದವರು. "ಧೂಳಾ? ಕೃಷ್ಣಗಿರಿ ಕಡೀಕೆ ಗ್ರಾನೈಟು ಕುಯ್ತಾರಲ್ಲ, ಅಲ್ಲಿಗೋಗಿ. ತಲೆಗೂದ್ಲು ಬೆಳ್ಳಗಾಗಿ ಬತ್ತೀರ," ಎಂದರು.

ಮಾವ, ನಾನು ರಾಯಕೋಟೆ ಮೇಲೆ ಹೋಗುವ ಬಸ್ಸು ಹಿಡಿದು ಕೃಷ್ಣಗಿರಿ ಕಡೆಗೆ ಹೋದೆವು. ಕಲ್ಲು ಕುಯ್ಯುವ ಯಾರ್ಡಿನ ಮೇಸ್ತ್ರಿ ನಮ್ಮ ಮಾತು ಪೂರ್ತಿ ಕೇಳುವ ಮೊದಲೇ ತಮಿಳಿನಲ್ಲಿ ತನ್ನ ಗೋಳು ತೆಗೆದ. "ಎಲ್ಲಾ ಕಲ್ಲುಲೆಯುಂ ಅದೇ ಮೂಲೈಲ ಒರು ಪುಳ್ಳಿ ಸಾರ್!" ಪಾಲಿಶ್ ಮಾಡಿದ ಹಲಗೆಗಳ ಫೋಟೋ ತೆಗೆದು ದೂರದ ಗಿರಾಕಿಗಳಿಗೆ ಕಳಿಸುತ್ತಿದ್ದರಂತೆ. ಪ್ರತಿ ಹಲಗೆಯ ಅದೇ ಮೂಲೆಯಲ್ಲಿ ಒಂದು ಚುಕ್ಕೆ. ಗಿರಾಕಿಗಳು ಅದು ಕಲ್ಲಿನ ದೋಷ ಎಂದು ಸರಕು ಬೇಡ ಎನ್ನುತ್ತಿದ್ದರಂತೆ. ನಾನು, ಮಾವ ಮುಖ ಮುಖ ನೋಡಿಕೊಂಡೆವು. ನಗು ತಡೆದುಕೊಳ್ಳುವುದು ಬಹಳ ಕಷ್ಟವಾಯಿತು.

ಮಾವ ಹೊಗಳಿ ಮಾರಲಿಲ್ಲ, ಟ್ರಾಕ್ಟರಿನ ಸುದ್ದಿ ಎತ್ತಲೇ ಇಲ್ಲ. ಒಂದು ಕ್ಯಾಮೆರಾವನ್ನು ಕುಯ್ಯುವ ಯಂತ್ರದ ಪಕ್ಕದ ಮೊಳೆಗೆ ನೇತುಹಾಕಿ, "ಒಂದು ವಾರ ಇಲ್ಲೇ ಇರ್ಲಿ. ಬತ್ತೀನಿ," ಎಂದು ಹೊರಟರು. ಆ ವಾರ ಅವರಿಗೆ ಊಟ ಸೇರಲಿಲ್ಲ ಎಂದು ಅತ್ತೆ ಆಮೇಲೆ ಹೇಳಿದರು. ವಾರದ ಮೇಲೆ ಹೋಗಿ ನೋಡಿದರೆ ಕ್ಯಾಮೆರಾ ಅಕ್ಕಿಹಿಟ್ಟಿನಲ್ಲಿ ಹೊರಳಿಸಿದ ಹಾಗಿತ್ತು. ಮಾವ ಪಂಚೆಯ ತುದಿಯಲ್ಲಿ ಒರೆಸಿ, ಒಂದು ಕಪ್ಪು ಹಲಗೆಯ ಫೋಟೋ ತೆಗೆದು, ಪರದೆಯಲ್ಲಿ ಆ ಮೂಲೆಯನ್ನು ದೊಡ್ಡದು ಮಾಡಿ ತೋರಿಸಿದರು. ಚುಕ್ಕೆಯಿಲ್ಲ. ಮೇಸ್ತ್ರಿ ಆ ಮೂಲೆಯನ್ನು ಉಗುರಿನಿಂದ ಕೆರೆದೂ ನೋಡಿದ.

ಅಲ್ಲಿ ಎರಡು ಹೋದವು. ಪಕ್ಕದ ಯಾರ್ಡಿನವರು ಒಂದು ಕೊಂಡರು. ಬರುವಾಗ ಬಸ್ಸಿನಲ್ಲಿ ಮಾವ ಕಂಡಕ್ಟರಿಗೂ ಈ ಕಥೆ ಹೇಳಿದರು.

ನಾಲ್ಕನೆಯದು ಹೋಗಲಿಲ್ಲ. ಎಷ್ಟು ತಿರುಗಿದರೂ ಇಲ್ಲ. ಆಯುಧ ಪೂಜೆಗೆ ಎರಡು ದಿನ ಇರುವಾಗ ಬೆಂಗಳೂರಿನ ಡೀಲರ್ ಫೋನು ಮಾಡಿ, ಆ ಕ್ಯಾಮೆರಾ ಎಲ್ಲೂ ಓಡಲಿಲ್ಲವಂತೆ, ಕಂಪನಿಯವರು ಮಾಡುವುದನ್ನೇ ನಿಲ್ಲಿಸಿಬಿಟ್ಟರಂತೆ ಎಂದ. ಈಗ ನನ್ನನ್ನು ಕೇಳಿದರೆ ಹನ್ನೊಂದು ಹಾಳೆ ಬೇಕಾಗಿಲ್ಲ. ಇಂಜಿನ್ನನ್ನು ಪ್ರತಿ ಸಲ ಹೊಸದಾಗಿ ಕೊಳ್ಳಲು ಜನಕ್ಕೆ ಮನಸ್ಸಾಗುವುದಿಲ್ಲ. ಅದು ನಿಜವಾಗಿ ಬೇಕಾದವರು ಎಲ್ಲೋ ಧೂಳಿನಲ್ಲಿದ್ದಾರೆ, ಅವರ ಹತ್ತಿರ ಕಂಪನಿಯವರು ಹೋಗುವುದಿಲ್ಲ. ಮಾವ ಹೋದರು, ಅಷ್ಟೇ ವ್ಯತ್ಯಾಸ.

ಸುದ್ದಿ ಕೇಳಿ ಅವರು ಪೆಚ್ಚಾಗುತ್ತಾರೆ ಎಂದುಕೊಂಡಿದ್ದೆ. "ಇಡೀ ಲೋಕ್ದಾಗೆ ಓಡ್ಲಿಲ್ಲ, ನಮ್ಮತ್ರ ಮೂರು ಓಡ್ತು. ಹಂಗಾರೆ ಕಂಪನಿಯೋರಿಗಿಂತ ನಾವೇ ವಾಸಿ ಅಲ್ವಾ ಬೀಕಾಂ?" ಎಂದು ಎದೆಯುಬ್ಬಿಸಿದರು.

ಪೂಜೆಯ ದಿನ ಅತ್ತೆ ಕ್ಯಾಮೆರಾ, ಕತ್ತರಿ, ಲ್ಯಾಮಿನೇಷನ್ ಯಂತ್ರಕ್ಕೆಲ್ಲ ಕುಂಕುಮ ಇಟ್ಟು, ಬಳೆಯ ಪೆಟ್ಟಿಗೆ ತಂದು ಶೋಕೇಸಿನ ಮುಂದೆ ಕೂತರು. ಮಾತಿನ ಪ್ರಕಾರ ಶೋಕೇಸ್ ಪೂರ್ತಿ ಅವರದು. ಆದರೆ ಅವರು ಕೆಳಗಿನ ಒಂದೇ ಅರೆಗೆ ಬಳೆ ಜೋಡಿಸಿ ಎದ್ದರು. "ಮೂರು ಮಾರಿದ್ದೀಯ, ಮೂರು ಅರೆ ನೀನೇ ಇಟ್ಕೋ. ಕುಣೀಬ್ಯಾಡ ಅಷ್ಟಕ್ಕೇ." ಮಾವ ಕುಣಿದರು. ನಿಜವಾಗಿ, ಅಂಗಡಿಯ ಮುಂದೆ, ಪಂಚೆ ಎತ್ತಿಕಟ್ಟಿ.

ನಾಲ್ಕನೆಯ ಕ್ಯಾಮೆರಾ ಮಾವನ ಹೆಗಲಿಗೇ ಬಂತು. ನನಗೆ ಕೆಲಸ ಸಿಕ್ಕಿ, ಆಮೇಲೆ ಮದುವೆಯಾದಾಗ ಫೋಟೋ ತೆಗೆದದ್ದು ಅದರಲ್ಲೇ. ಸಡಗರದಲ್ಲಿ ಉಳಿದ ಡಬ್ಬಿಗಳನ್ನು ಮನೆಯಲ್ಲಿ ಮರೆತು, ಹೂವು, ಹುಳು ತೆಗೆಯುವ ಡಬ್ಬಿಯೊಂದನ್ನೇ ತಂದಿದ್ದರು. ಮುಂದೆ ಮುಂದೆ ಬಂದು ತೆಗೆದರು. ನಮ್ಮ ಆಲ್ಬಮಿನಲ್ಲಿ ಯಾರೂ ಪೂರ್ತಿಯಿಲ್ಲ. ಅರಿಶಿನದ ಬೆರಳುಗಳು, ತಾಳಿಯ ಗಂಟು, ಅಮ್ಮನ ಓಲೆ, ಒದ್ದೆಯಾದ ಅಪ್ಪನ ಒಂದು ಕಣ್ಣು... ಇಷ್ಟು ಒಳ್ಳೆಯ ಮದುವೆ ಆಲ್ಬಮ್ ನಾನು ಬೇರೆಲ್ಲೂ ಕಂಡಿಲ್ಲ.

ಮಾವ ತೀರಿಕೊಂಡು ಮೂರು ವರ್ಷವಾಯಿತು. ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ. ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು...

ಮೊನ್ನೆ ಭಾನುವಾರ ಡೆಂಕಣಿಕೋಟೆಗೆ ಹೋದೆ. ನೀಲಿ ಪರದೆ ಇಲ್ಲ, ಸ್ಟೂಲಿನ ಮೇಲೆ ಅತ್ತೆ ಕೂತಿದ್ದರು. ಶೋಕೇಸಿನ ನಾಲ್ಕೂ ಅರೆಗಳಲ್ಲಿ ಬಳೆ, ಕೆಂಪು, ಹಸಿರು, ಮೇಲಿನಿಂದ ಕೆಳಗಿನವರೆಗೆ. ಬೆಳಕು ಬಿದ್ದು ಅಂಗಡಿಯೆಲ್ಲ ಬಣ್ಣವಾಗಿತ್ತು. ನಾನು ನೋಡುತ್ತ ನಿಂತದ್ದನ್ನು ಕಂಡು ಅತ್ತೆ ನನ್ನ ಕೈ ಹಿಡಿದೆಳೆದು ಬಳೆ ಏರಿಸತೊಡಗಿದರು.

"ನಾಲ್ಕೂ ನಂದೇ ಈಗ. ಗೆದ್ದೆ ಕಣಮ್ಮ," ಎಂದರು. ಇನ್ನೆರಡು ಬಳೆ ಏರಿಸಿದರು. "ಯಾರ್ ಹತ್ರ ಹೇಳ್ಕೊಳ್ಳಾನ, ಹೇಳು?"

"ನನ್ನತ್ರ ಹೇಳ್ಕೊಳ್ಳಿ ಅತ್ತೆ."

"ನಿನ್ನತ್ರಾನಾ?" ಅತ್ತೆ ನನ್ನ ಮಣಿಕಟ್ಟು ಹಿಸುಕಿ ನಕ್ಕರು. "ನೀನು ಅವ್ರ ಪಾರ್ಟಿ ಅಲ್ವೇನಮ್ಮಾ. ಕೈ ಸಡ್ಲ ಬುಡು."