ಅಪ್ಪನ ಛಲೋ ದನಿ

ನನಗೆ ಬರುವುದು ಒಂದೇ ವಿದ್ಯೆ, ಅದೂ ಯಾವ ಕಾಲೇಜಿನಲ್ಲೂ ಕಲಿಸದ್ದು: ಇನ್ನೊಬ್ಬರ ಹಾಗೆ ಮಾತಾಡುವುದು. ದೇವಸ್ಥಾನದಲ್ಲಿ ಮೈಕು ಸಿಕ್ಕರೆ ಬಿಡದ ಅಂಕಲ್ ಬರುತ್ತಾರೆ, ಮಗನ ಅಡ್ಮಿಷನ್ ಬಿಟ್ಟು ಬೇರೆ ಮಾತೇ ಆಡದ ಆಂಟಿ ಬರುತ್ತಾರೆ. ಫೋನಿನಲ್ಲಿ ದಾರಿ ಹೇಳುವ ಹೆಂಗಸು ಮೈಸೂರಿನವಳಾಗಿದ್ದರೆ ಎಕ್ಸಿಟ್ ತಪ್ಪಿದಾಗ ಹೇಗೆ ಕೊರಗುತ್ತಿದ್ದಳು ಅನ್ನುವುದೂ ಬರುತ್ತದೆ. ನನ್ನ ಅಣಕ ನಾನೇ ಮಾಡಿ ನೋಡಿದ್ದೇನೆ. ಅದೊಂದು ಮಾತ್ರ ಯಾರ ಹಾಗೂ ಕೇಳಿಸುವುದಿಲ್ಲ. ಆದರೆ ಡೆಟ್ರಾಯಿಟಿನ ಪಕ್ಕದ ನಮ್ಮೂರು ಕ್ಯಾಂಟನ್ನಿನ ಹುಟ್ಟುಹಬ್ಬಗಳಲ್ಲಿ ಜನ ಕೇಳಿ ಕೇಳಿ ಮಾಡಿಸುತ್ತಿದ್ದದ್ದು ನಮ್ಮಪ್ಪನನ್ನು.

ಅಪ್ಪ ವಿಜಯಪುರದ ಕಡೆಯವರು. ಕಾರು ಕಂಪನಿಯಲ್ಲಿ ಇಷ್ಟು ವರ್ಷ ಎಂಜಿನಿಯರ್ ಆಗಿದ್ದರೂ ಮೀಟಿಂಗಿನಲ್ಲಿ ಬಾಯಿ ತೆರೆದರೆ ಹೊಲದ ಆಚೆ ಬದುವಿನಲ್ಲಿದ್ದವರನ್ನು ಕರೆದ ಹಾಗಿರುತ್ತಿತ್ತು. ಅಮ್ಮ ಮೈಸೂರಿನವರು. ಅಪ್ಪ ಅವರನ್ನು ಒಂದು ದಿನವೂ ಹೆಸರು ಹಿಡಿದು ಕರೆದವರಲ್ಲ. ಅವರ ಮನೆಯಲ್ಲಿ ಗಂಡ ಹೆಂಡತಿಯ ಹೆಸರು ಹೇಳುವ ರೂಢಿಯೇ ಇರಲಿಲ್ಲವಂತೆ. ಬೇಸ್‌ಮೆಂಟಿನಿಂದ "ಕೇಳ್ತೇನ?" ಎಂದು, ಕೇಳಿಸಿತೇನೇ ಅನ್ನುವ ಹಾಗೆ, ಒಂದು ಕೂಗು, ಮಹಡಿಯಿಂದ "ಬಂದೇ ರೀ" ಎಂದು ಒಂದು ಉತ್ತರ. ನಮ್ಮ ಸಂಸಾರ ನಡೆಯುತ್ತಿದ್ದದ್ದು ಈ ಎರಡು ಮಾತಿನ ಮೇಲೆ.

ಹೋದ ವರ್ಷ ಆ ಕೂಗು ಒಡೆಯಿತು. ಮೊದಲು ಶೀತ ಎಂದರು, ಆಮೇಲೆ ಅಲರ್ಜಿ ಎಂದರು, ಕೊನೆಗೆ ಗಂಟಲಿನ ಕ್ಯಾನ್ಸರ್ ಎಂದರು. ಧ್ವನಿಪೆಟ್ಟಿಗೆ ತೆಗೆದರೆ ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ. ಆಪರೇಷನ್ನಿಗೆ ಮುಂಚೆ ಒಂದಷ್ಟು ಮಾತು ರೆಕಾರ್ಡ್ ಮಾಡಿಟ್ಟರೆ, ಮುಂದೆ ಟೈಪ್ ಮಾಡಿದ್ದನ್ನು ಫೋನು ಅದೇ ದನಿಯಲ್ಲಿ ಹೇಳುತ್ತದೆ ಎಂದು ಆಸ್ಪತ್ರೆಯವರು ತಿಳಿಸಿದ್ದರು. ಅಪ್ಪ ಆ ಫೋನಿನ ಹತ್ತಿರಕ್ಕೇ ಹೋಗಲಿಲ್ಲ. ಕೆನಡಾಕ್ಕೆ ಹೋಗೋಣ, ಟೆಂಟ್ ಹಾಕೋಣ, ಕುದುರೆ ಹತ್ತೋಣ ಎಂದರು. ನಮ್ಮಜ್ಜ ವಿಜಯಪುರದಲ್ಲಿ ಟಾಂಗಾ ಹೊಡೆಯುತ್ತಿದ್ದವರು. ಅವರ ಪಕ್ಕ ಕೂತು ಬೆಳೆದ ಅಪ್ಪ, ಈ ದೇಶಕ್ಕೆ ಬಂದಮೇಲೆ ಕುದುರೆಯ ಮೈ ಮುಟ್ಟಿರಲಿಲ್ಲ.

ಡೆಟ್ರಾಯಿಟಿನ ಸೇತುವೆ ದಾಟಿದೊಡನೆ ಗಡಿಯ ಅಧಿಕಾರಿ ಎಲ್ಲಿಗೆ ಹೊರಟಿದ್ದೀರಿ ಎಂದು ಕೇಳಿದ. ಅಪ್ಪ ಹೇಳಿದರು. ಕೇಳಿಸಲಿಲ್ಲ, ಸ್ವಲ್ಪ ಜೋರಾಗಿ ಎಂದ. ಅಪ್ಪ ಮತ್ತೆ ಹೇಳಿದರು, ಗಾಳಿಯಷ್ಟೇ ಬಂತು. ಹಿಂದಿನ ಸೀಟಿನಲ್ಲಿದ್ದ ನನ್ನ ಗಂಟಲಲ್ಲಿ ಅವರ ಹಳೆಯ ದನಿ ಸಿದ್ಧವಾಗಿ ಕೂತಿತ್ತು. ನುಂಗಿಕೊಂಡೆ. ಕೊನೆಗೆ ನನ್ನ ಪಕ್ಕದಲ್ಲಿದ್ದ ತಂಗಿ ಕಿಟಕಿ ಇಳಿಸಿ ಉತ್ತರ ಕೊಟ್ಟಳು. ಆಮೇಲೆ ಎಷ್ಟೋ ಮೈಲಿ, ಎರಡೂ ಕಡೆ ಮೆಕ್ಕೆಜೋಳದ ಹೊಲ.

ಕುದುರೆ ಫಾರ್ಮಿನ ಯಜಮಾನಿ ಅಗಲ ಟೋಪಿಯ, ಬಿಸಿಲಿಗೆ ಕೆಂಪಾದ ಮುದುಕಿ. ನಮಗೆಲ್ಲ ಒಂದೊಂದು ಕುದುರೆ ತೋರಿಸಿ, ಹೆಲ್ಮೆಟ್ ಕೊಟ್ಟು, ಲಗಾಮು ಹಿಡಿಯುವುದನ್ನು ಹೇಳಿಕೊಡುತ್ತಿರುವಾಗ ಅಮ್ಮ ಕೈಚೀಲದಿಂದ ಕುಂಕುಮದ ಡಬ್ಬಿ ತೆಗೆದರು, ನಿಂಬೆಹಣ್ಣು ತೆಗೆದರು. ನಮ್ಮ ಮನೆಯ ಯಾವ ಹೊಸ ಕಾರೂ ನಿಂಬೆಹಣ್ಣು ತುಳಿಯದೆ ಡ್ರೈವ್‌ವೇ ದಾಟಿದ್ದಿಲ್ಲ. ಹತ್ತಿ ಹೋಗುವುದೆಂದರೆ ಅದೂ ವಾಹನವೇ ತಾನೇ ಎಂಬುದು ಅಮ್ಮನ ವಾದ. ಅಪ್ಪನ ಕುದುರೆಯ ಹಣೆಗೆ ಕುಂಕುಮವಿಟ್ಟು, ಗೊರಸಿನ ಮುಂದೆ ಹಣ್ಣಿಟ್ಟು, ಕಣ್ಣು ಮುಚ್ಚಿ ಕೈಮುಗಿದರು. ಏನು ಬೇಡಿಕೊಂಡರು ಅಂತ ಕೇಳುವ ಅಗತ್ಯ ಯಾರಿಗೂ ಇರಲಿಲ್ಲ.

ಕಣ್ಣು ಬಿಡುವಷ್ಟರಲ್ಲಿ ಕುದುರೆ ಬಗ್ಗಿ ಆ ನಿಂಬೆಹಣ್ಣನ್ನು ಕಚ್ಚಿ, ಮೇಲ್ದುಟಿ ಮಡಚಿ, ಹಲ್ಲೆಲ್ಲ ತೋರಿಸುತ್ತ ನಿಂತಿತ್ತು.

ಅಪ್ಪ ನಕ್ಕರು. ಒಡೆದ ಗಂಟಲಿನ ಸಂದಿಯಿಂದ ಎಲ್ಲಿತ್ತೋ ಅದು, ಹಳೆಯ ನಗು ಇಡಿಯಾಗಿ ಬಂತು. ಆಮೇಲೆ ಕೆಮ್ಮು ಬಂದು ಅದನ್ನು ಕತ್ತರಿಸಿತು. ರೆಕಾರ್ಡ್ ಮಾಡೋಣವೆಂದರೆ ತಂಗಿಯ ಫೋನು ಕಾರಿನಲ್ಲಿತ್ತು. ನಾನು ಎಷ್ಟೋ ಸಲ ಪ್ರಯತ್ನಿಸಿದ್ದೇನೆ, ಆ ನಗು ನನಗೆ ಬರುವುದಿಲ್ಲ.

ನನ್ನ ಕುದುರೆ ಮಾತ್ರ ಹೆಜ್ಜೆ ಕೀಳಲಿಲ್ಲ. ಟೋಪಿಯ ಯಜಮಾನಿಯ ಹಾಗೆಯೇ ಗದರಿಸಿ ನೋಡಿದೆ. ಅದು ನನ್ನನ್ನು ಯಾರೋ ಮರೆತು ಬಿಟ್ಟುಹೋದ ಬ್ಯಾಗು ಎಂದುಕೊಂಡು ಹುಲ್ಲು ತಿನ್ನುತ್ತಿತ್ತು. ಮುಂದೆ ಹೋಗಿದ್ದ ಅಪ್ಪ ತಿರುಗಿ ನಾಲಿಗೆಯನ್ನು ಅಂಗುಳಕ್ಕೆ ಬಡಿದು ಟಕ್, ಟಕ್ ಎಂದರು. ಅಷ್ಟೇ. ಅದು ಹುಲ್ಲು ಬಿಟ್ಟು ಹೊರಟಿತು. ಅಜ್ಜ ಹೀಗೇ ಮಾಡುತ್ತಿದ್ದರಂತೆ.

ಸಂಜೆ ಫಾರ್ಮಿನ ಕೆರೆಯ ಪಕ್ಕ ಟೆಂಟ್ ಹಾಕಿ ಅಮ್ಮ ಸ್ಟವ್ ಮೇಲೆ ಅನ್ನಕ್ಕಿಟ್ಟರು. ತಂಗಿ ಫೋನು ಹಿಡಿದು ಬಂದು, ಜಸ್ಟ್ ಒನ್ ಸೆಂಟೆನ್ಸ್ ಎಂದು ಅಪ್ಪನ ಮುಂದೆ ಕೂತಳು. ಅಪ್ಪ ಕುದುರೆಗಳ ಕಡೆ ನೋಡುತ್ತ ಕೂತರು. ಅಮ್ಮ ಸೌಟು ಕೆಳಗಿಟ್ಟರು.

"ಒಂದೇ ಒಂದು ಮಾತು ಹೇಳ್ರೀ. ಏನಾದ್ರೂ ಸರಿ. ನಂಗೋಸ್ಕರ."

"ಈ ಗೊಗ್ಗರು ದನಿ ಇಟಗೊಂಡು ಏನ್ ಮಾಡ್ತಿ?" ಎಂದು ಅಪ್ಪ ಪಿಸುಗುಟ್ಟಿ, ಗದ್ದದಿಂದ ನನ್ನ ಕಡೆ ತೋರಿಸಿದರು. "ನಂದು ಛಲೋ ದನಿ ಇವನ ಕಡೆ ಐತಿ."

ಎಲ್ಲರೂ ನನ್ನ ಮುಖ ನೋಡಿದರು. ತಮಾಷೆ ಮಾಡಲು ನನಗೆ ಅಂಥ ಜಾಗ ಎಂದೂ ಸಿಕ್ಕಿರಲಿಲ್ಲ. ನಾನು ಎದ್ದು ತಟ್ಟೆಗಳನ್ನು ಇಟ್ಟೆ. ಅಮ್ಮ ಅನ್ನ ಬಡಿಸಿದರು.

ಆಪರೇಷನ್ ಚೆನ್ನಾಗಿಯೇ ಆಯಿತು. ಅಪ್ಪನ ಕತ್ತಿನಲ್ಲಿ ಈಗ ಉಸಿರಾಡಲು ಒಂದು ತೂತಿದೆ. ಬೇಕಾದ್ದನ್ನು ಸಣ್ಣ ಬೋರ್ಡಿನಲ್ಲಿ ಬರೆಯುತ್ತಾರೆ, ನಾಲಿಗೆಯಲ್ಲಿ ಟಕ್, ಟಕ್ ಎಂದು ನಮ್ಮನ್ನು ಕರೆಯುತ್ತಾರೆ. ನಾನು ಅಪ್ಪನ ಹಾಗೆ ಮಾತಾಡುವುದನ್ನು ನಿಲ್ಲಿಸಿದೆ. ಹುಟ್ಟುಹಬ್ಬಗಳಲ್ಲಿ ಈಗ ಯಾರೂ ಕೇಳುವುದೂ ಇಲ್ಲ.

ಒಂದು ಭಾನುವಾರ ಬೆಳಿಗ್ಗೆ ಅಮ್ಮ ಮಹಡಿಯಲ್ಲಿ ಬಟ್ಟೆ ಮಡಚುತ್ತಿದ್ದರು. ಸೋಫಾದಿಂದ ಟಕ್, ಟಕ್ ಕೇಳಿತು. ನೋಡಿದರೆ ಅಪ್ಪ ನನ್ನನ್ನು ತೋರಿಸಿದರು, ತಮ್ಮ ಗಂಟಲು ತೋರಿಸಿದರು, ಮೆಟ್ಟಿಲ ಕಡೆ ಕೈ ಮಾಡಿದರು. ನಾನು ಬೇಡವೆಂದು ತಲೆಯಾಡಿಸಿದೆ. ಅವರ ಕೈ ಇಳಿಯಲಿಲ್ಲ.

"ಕೇಳ್ತೇನ?" ಎಂದೆ. ಹೊಲದ ಆಚೆ ಬದುವಿಗೆ ಕೇಳುವ ಹಾಗೆ.

"ಬಂದೇ ರೀ."

ದಡದಡ ಇಳಿದುಬರುತ್ತಿದ್ದ ಹೆಜ್ಜೆ ಅರ್ಧ ಮೆಟ್ಟಿಲಲ್ಲಿ ನಿಂತಿತು. ಅಪ್ಪ ಮೆಟ್ಟಿಲಿನಿಂದ ಕಣ್ಣು ತೆಗೆಯಲಿಲ್ಲ. ಆಮೇಲೆ ಅಮ್ಮ ಮಡಚಿದ ಟವೆಲೊಂದನ್ನು ಎದೆಗೆ ಹಿಡಿದುಕೊಂಡೇ ಕೆಳಗೆ ಬಂದರು. ನನ್ನನ್ನು ದಾಟಿಕೊಂಡು ಹೋಗಿ ಅಪ್ಪನ ಮುಂದೆ ನಿಂತು ಕೇಳಿದರು:

"ಏನ್ರೀ, ಕರೆದ್ರಾ?"

ಅಪ್ಪ ಹೌದೆಂದು ತಲೆಯಾಡಿಸಿದರು.