ವಂದನಾರ್ಪಣೆ ಶುರುವಾದಾಗ ಹಾರ್ಬೇಕು

ನಮ್ಮ ಯಲಹಂಕದ ಲೇಔಟ್‌ಗಳಲ್ಲಿ ಹೆಂಗಸರ ವಾಲಿಬಾಲ್ ಟೂರ್ನಮೆಂಟ್ ಅಂದ್ರೆ ಮೊದಲು ಸ್ಟೇಜು, ಆಮೇಲೆ ಆಟ. ಪ್ರಾರ್ಥನೆ, ಸ್ವಾಗತ, ದೀಪ, ಭಾಷಣ, ಶಾಲು, ಪೇಟ, ಕೊನೆಗೆ ವಂದನಾರ್ಪಣೆ. ಇನ್ವಿಟೇಷನ್‌ನಲ್ಲಿ ಬೆಳಗ್ಗೆ ಎಂಟು ಗಂಟೆ ಅಂತಿರುತ್ತೆ. ಮುಖ್ಯ ಅತಿಥಿಗಳಿಗೆ ಬೆಳಗಾಗೋದೇ ಹತ್ತಕ್ಕೆ.

ಹೋದ ವರ್ಷ ಆ ಎಂಟು ಗಂಟೆಯನ್ನ ನಂಬಿ ಕೆಟ್ವಿ. ಏಳೂವರೆಗೇ ಓಡಿ, ನೆಗೆದು, ಬೆವರು ಸುರಿಸಿ ರೆಡಿಯಾದ್ವಿ. ಆಮೇಲೆ ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂತು ಭಾಷಣ ಕೇಳಿದ್ವಿ. ಆಟಕ್ಕೆ ಇಳಿದಾಗ ಕಾಲು ಮರಗಟ್ಟಿ ಹೋಗಿತ್ತು, ನೆಲ ಬಿಟ್ಟು ಮೇಲೇಳ್ಲೇ ಇಲ್ಲ. ಸೋತ್ವಿ. ಆದ್ರೆ ನಮ್ಮ ಕ್ಯಾಪ್ಟನ್, ಅಂದ್ರೆ ನಮ್ಮ ಹಿಂದಿನ ಬೀದಿಯ ಅಕ್ಕ, ಆ ಸೋಲನ್ನ ಪೂರ್ತಿ ನನ್ನ ತಲೆಗೆ ಕಟ್ಟಿದ್ರು.

"ಎರಡು ಮಕ್ಕಳ ತಾಯಿ ಕಣೇ ನೀನು, ಕುಳ್ಳಿ ಬೇರೆ. ಹಿಂದೆ ನಿಂತ್ಕೊಂಡು ಬಾಲ್ ಎತ್ಕೊಡು ಸಾಕು."

ನಮ್ಮ ಲೇಔಟ್ ಆಟದಲ್ಲಿ ಜಾಗ ಬದಲಾಯಿಸೋ ಪದ್ಧತಿ ಇಲ್ಲ. ಹಿಂದೆ ಹೋದೋಳು ಹಿಂದೇನೇ. ನಾನು ಹಠ ಹಿಡಿದಿದ್ದಕ್ಕೆ, ಈ ವರ್ಷ ಫೈನಲ್‌ಗೆ ಬಂದ್ರೆ ಮೊದಲನೇ ಗೇಮ್ ಮಾತ್ರ ಮುಂದೆ ಆಡಿಸ್ತೀನಿ, ಹೊಡೆತ ಬೀಳ್ಲಿಲ್ಲ ಅಂದ್ರೆ ಇನ್ನು ನೆಟ್ ಆಸೆ ಬಿಡು ಅಂದ್ರು. ಮೈಯೆಲ್ಲ ಉರಿದು ಹೋಯ್ತು ನಂಗೆ. ಕಾಲೇಜಿನಿಂದ್ಲೂ ನಾನು ಹೊಡೆಯೋಳು. ಆ ಒಂದು ಹೊಡೆತಕ್ಕೋಸ್ಕರ ತಾನೇ ಮನೆ, ಆಫೀಸು, ಮಕ್ಕಳ ಹೋಂವರ್ಕ್ ಎಲ್ಲ ಮುಗಿಸಿ ಗ್ರೌಂಡಿಗೆ ಓಡೋದು?

ನಮಗೆ ಆಟ ಹೇಳ್ಕೊಡೋರು ರಿಟೈರ್ಡ್ ಪಿ.ಟಿ. ಮೇಷ್ಟ್ರು. ಅವರ ಹತ್ರ ಹೋಗಿ ಗೋಳು ಹೇಳ್ಕೊಂಡೆ. ಅವರು ಗ್ರೌಂಡಿನ ಗಿಡ್ಡ ಕಲ್ಲುಬೆಂಚಿನ ಮೇಲೆ ನನ್ನ ಹತ್ತಿಸಿದ್ರು. ಕೆಳಗೆ ಇಳಿದ ತಕ್ಷಣ, ನೆಲ ಸುಡ್ತಿದೆ ಅನ್ನೋ ಹಾಗೆ, ಮತ್ತೆ ಮೇಲಕ್ಕೆ ಹಾರ್ಬೇಕು. ಕೆಲವೇ ಸಲ, ಆದ್ರೆ ಜೋರಾಗಿ. ಸ್ವಲ್ಪ ಸುಧಾರಿಸ್ಕೊಂಡು ಸೀದಾ ಆಟಕ್ಕೆ ಇಳೀಬೇಕು.

"ಕಾಲಿಗೆ ಬಂದ ಚುರುಕು ಬಹಳ ಹೊತ್ತು ನಿಲ್ಲಲ್ಲ ಕಣಮ್ಮ. ಕೂತ್ರೆ ಹೋಯ್ತು," ಅಂದ್ರು. ತಿಂಗಳುಗಟ್ಟಲೆ ಅದನ್ನೇ ಮಾಡಿದೆ.

ಫೈನಲ್ ದಿನ ಎದುರು ಟೀಮಿನೋರು ಎಂಟಕ್ಕೇ ಕುಣಿದು ಕುಪ್ಪಳಿಸಿ ಕುರ್ಚಿ ಹಿಡಿದ್ರು. ನಾನು ಮೈಕಿಗೆ ಕಿವಿ ಕೊಟ್ಟು ಕಾದೆ. ವಂದನಾರ್ಪಣೆ ಶುರುವಾಗಿದ್ದೇ ಶಾಮಿಯಾನದ ಹಿಂದಿದ್ದ ಅದೇ ಕಲ್ಲುಬೆಂಚಿಗೆ ಹೋಗಿ, ಹತ್ತಿ ಇಳಿದು ಹಾರಿದೆ. ಕಾಲು ಹಗುರವಾಯ್ತು. ಖುಷಿಯಾಗಿ ಬಂದು ಸಾಲಲ್ಲಿ ನಿಂತ್ರೆ, ಮೈಕಲ್ಲಿ "ಇನ್ನೊಂದು ಪುಟ್ಟ ಸನ್ಮಾನ ಬಾಕಿ ಇದೆ" ಅಂದ್ರು.

ಪುಟ್ಟ ಸನ್ಮಾನ ಅಂದ್ರೆ ಏನು ಅಂತ ನಮಗೆ ಗೊತ್ತಿಲ್ವಾ? ಹಾರ ಸಿಗ್ಲಿಲ್ಲ. ಹಾರ ಸಿಕ್ಕಾಗ ಫೋಟೋಗ್ರಾಫರ್ ಸಿಗ್ಲಿಲ್ಲ. ಎರಡೂ ಟೀಮು ಸ್ಟೇಜ್ ಮುಂದೆ ಬಿಸಿಲಲ್ಲಿ ಅಟೆನ್ಷನ್‌ನಲ್ಲಿ ನಿಂತಿದ್ವಿ. ಕಾಲಿನ ಚುರುಕು ಇಳೀತಿರೋದು ನಂಗೆ ಗೊತ್ತಾಗ್ತಿತ್ತು. ನಿಜ ಹೇಳ್ತೀನಿ, ಅಳು ಬಂತು. ಅಳು ಬಂದ್ರೆ ನಂಗೆ ಹಿಂದೇನೇ ಸಿಟ್ಟೂ ಬರುತ್ತೆ. ಹಾಳಾಗ್ಲಿ ಅಂತ ಸಾಲಲ್ಲೇ, ಎಲ್ಲರ ಎದುರಿಗೇ, ಹಾರೋಕೆ ಶುರು ಮಾಡಿದೆ.

"ಏಯ್, ಸಾಹೇಬ್ರು ನೋಡ್ತಿದಾರೆ, ಮಾನ ಕಳೀಬೇಡ," ಅಂತ ಕ್ಯಾಪ್ಟನ್ ಹಲ್ಲು ಕಚ್ಚಿದ್ರು.

"ನೋಡ್ಲಿ ಬಿಡಿ ಅಕ್ಕ. ನೆಟ್ ಹತ್ರ ಬಂದು ಅವ್ರು ಹಾರ್ತಾರಾ?"

ಜನ ನಕ್ಕರು, ಮೊಬೈಲ್ ಎತ್ತಿ ವಿಡಿಯೋ ಮಾಡಿದ್ರು. ಮುಖ್ಯ ಅತಿಥಿ ಸಾಹೇಬ್ರೂ ನಕ್ಕು, ಬೇಗ ಬೇಗ ಶಾಲು ಹೊದಿಸಿ ಕೆಳಗಿಳಿದ್ರು.

ಮೊದಲನೇ ಬಾಲಿಗೇ ನೆಗೆದೆ. ನನ್ನ ಮಣಿಕಟ್ಟು ನೆಟ್ಟಿನ ಮೇಲಿತ್ತು. ಎದುರಿನ ಎತ್ತರದ ಹುಡುಗಿ ನೆಲದಿಂದ ಕಾಲು ಎತ್ತೋದ್ರಲ್ಲಿ ಬಾಲ್ ಅವಳ ಹಿಂದೆ ಬಿದ್ದಿತ್ತು. ಎಂಥಾ ಸುಖ ಅದು! ಆ ಗೇಮ್ ನಮ್ದಾಯ್ತು. ಎರಡನೇ ಗೇಮಿಗೆ ನನ್ನ ಹಿಂದಕ್ಕೆ ಹೋಗು ಅಂತ ಯಾರೂ ಅನ್ನಲಿಲ್ಲ. ಅದೂ ಕೊನೇ ಪಾಯಿಂಟಿಗೆ ಬಂತು, ಅದೊಂದು ಸಿಕ್ರೆ ಕಪ್ ನಮ್ದು. ಬಾಲ್ ಎತ್ಕೊಡೋ ಹುಡುಗಿ ಯಾರಿಗೆ ಕೊಡ್ಲಿ ಅಂತ ಆ ಕಡೆ ಈ ಕಡೆ ನೋಡಿದ್ಲು. ಹಿಂದಿನಿಂದ ನಮ್ಮ ಕ್ಯಾಪ್ಟನ್ ದನಿ ಕೇಳ್ತು.

"ಅವಳಿಗೇ ಎತ್ತೇ. ಆ ಕುಳ್ಳಿಗೇ."

ಹಾರಿದೆ. ಬಾಲ್ ಅವರ ಅಂಗಳದಲ್ಲಿ ಬಿದ್ದ ಸದ್ದು, ನಾನಿನ್ನೂ ನೆಲಕ್ಕೆ ಇಳಿಯೋ ಮುಂಚೆನೇ ಕೇಳ್ತು.